ಮೇಷ್ಟ್ರನ್ನು ಮಹಡಿಯಿಂದ ಇಳಿಸಲು ಹೋದದ್ದು

ತುಮಕೂರಿನಿಂದ ಕುಣಿಗಲ್ಲಿಗೆ ನೇರವಾದ ರಸ್ತೆಯಿದೆ. ಹೆಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿದರೆ ಗಂಟೆ ಚಿಲ್ಲರೆಯಲ್ಲಿ ಊರು ಸಿಗುತ್ತದೆ. ನಾನೂ ಮಾದೇವಣ್ಣನೂ ಗುಬ್ಬಿಯನ್ನು ಸುತ್ತಿಕೊಂಡು ಹೋದೆವು. ದಾರಿ ಬಲ್ಲವರು ನಮ್ಮ ತಲೆಯ ಬಗ್ಗೆ ಅನುಮಾನ ಪಡಬಹುದು. ನಮ್ಮಿಬ್ಬರಿಗೂ ಇರುವುದು ತಲೆಯ ಕಾಯಿಲೆಯಲ್ಲ, ಹೃದಯದ ಕಾಯಿಲೆ. ಗುಬ್ಬಿಗೆ ಹೋಗಲು ಕಾರಣವಿತ್ತು, ಮುಂದೆ ಹೇಳುತ್ತೇನೆ.

ನನ್ನ ಹೆಸರು ದಸ್ತಗೀರ್. ತುಮಕೂರಿನಲ್ಲಿ ಹಾಸಿಗೆ ಅಂಗಡಿ ಇಟ್ಟಿದ್ದೇನೆ. ಕೆಲವು ವರ್ಷಗಳ ಹಿಂದೆ ಹಾಸಿಗೆಗೆ ಹತ್ತಿ ತುಂಬುತ್ತಿದ್ದಾಗ ಎದೆ ಹಿಡಿದುಕೊಂಡು ಅದೇ ಹತ್ತಿಯ ಮೇಲೆ ಬಿದ್ದೆ. ಬಿದ್ದದ್ದು ಮೆತ್ತಗಿನ ಜಾಗ ಎಂಬುದಷ್ಟೇ ಆ ದಿನದ ಅದೃಷ್ಟ. ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿ ಕಳಿಸಿದರು. ಮಾದೇವಣ್ಣ ಕೊಬ್ಬರಿ ವ್ಯಾಪಾರಿ. ಅವನಿಗೂ ಸ್ಟೆಂಟ್ ಇದೆ, ಅದರ ಮೇಲೆ ಇನ್ನೊಂದು ರಕ್ತನಾಳ ಅರ್ಧ ಕಟ್ಟಿಕೊಂಡಿದೆ. ಆ ಅರ್ಧ ಕಟ್ಟಿದ ನಾಳದ ಸುದ್ದಿಯನ್ನು ಅವನು ಮಗಳಿಗೆ ರ‍್ಯಾಂಕ್ ಬಂದ ಹಾಗೆ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಾನೆ.

ನಮ್ಮಂಥ ಹತ್ತು ಹದಿನೈದು ಎದೆ ಕೆಟ್ಟವರನ್ನು ಗುಡ್ಡೆಹಾಕಿ ಬೆಳಿಗ್ಗೆ ಅಮಾನಿಕೆರೆ ಏರಿಯ ಮೇಲೆ ನಡೆಸುತ್ತಿದ್ದವರು ರುದ್ರಪ್ಪ ಮೇಷ್ಟ್ರು. ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದು ನಿವೃತ್ತರಾದವರು. ಶಾಲೆ ಬಿಟ್ಟರೂ ವಿಶಲ್ ಬಿಡಲಿಲ್ಲ. ಕತ್ತಿನಲ್ಲಿ ಅದನ್ನು ನೇತುಹಾಕಿಕೊಂಡು, "ಕೈ ಬೀಸ್ರೀ, ಕೈ. ಹೆಣ ಹೊತ್ಕೊಂಡು ಹೋಗ್ತಿದೀರಾ?" ಎಂದು ಹಿಂದಿನಿಂದ ಅಟ್ಟಿಸಿಕೊಂಡು ಬರುತ್ತಿದ್ದರು. ಅವರಿಗೆ ಕಾಯಿಲೆ ಇರಲಿಲ್ಲ. ನಮ್ಮನ್ನು ಬೈಯುವುದೇ ಅವರ ವ್ಯಾಯಾಮ.

ನಾನು ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಅಲುಗಾಡಿದರೆ ಸತ್ತೇಹೋಗುತ್ತೇನೆಂದು ನಂಬಿ ಅಂಗಡಿಯ ಒಳ್ಳೆಯ ಹಾಸಿಗೆಯೊಂದನ್ನು ಮನೆಗೆ ತರಿಸಿ ಮಲಗಿಬಿಟ್ಟಿದ್ದೆ. ಪರಿಚಯವೇ ಇಲ್ಲದ ಮೇಷ್ಟ್ರು ಯಾರಿಂದಲೋ ಕೇಳಿ ತಿಳಿದುಕೊಂಡು ದಿನಾ ಬೆಳಿಗ್ಗೆ ನಮ್ಮ ಬಾಗಿಲ ಮುಂದೆ ನಿಂತು ವಿಶಲ್ ಊದತೊಡಗಿದರು. ಬೀದಿಯವರೆಲ್ಲ ಎದ್ದು ಬಂದು ನನಗೆ ಬೈದರು. ಆ ಬೈಗುಳ ತಡೆಯಲಾರದೆ ನಾನು ಚಪ್ಪಲಿ ಮೆಟ್ಟಿದೆ. ಇವತ್ತು ಕೂತು ಇದನ್ನು ಬರೆಯುತ್ತಿದ್ದೇನೆ ಎಂದರೆ ಆ ವಿಶಲ್ಲೇ ಕಾರಣ.

ಅಂಥ ಮೇಷ್ಟ್ರು ಈ ಬೇಸಿಗೆಗೆ ಮುಂಚೆ ಏರಿಯ ಮೇಲೆ ನಮ್ಮ ಕಣ್ಣೆದುರೇ ಕುಸಿದು ಕೂತರು. ಬೆಂಗಳೂರಿನಲ್ಲಿ ಬೈಪಾಸ್ ಆಯಿತು. ಆಸ್ಪತ್ರೆಗೆ ಸೇರಿಸಿದ ದಿನ ಅಲ್ಲಿಯ ನರ್ಸು ಅವರ ಕನ್ನಡಕವನ್ನೂ ವಿಶಲ್ಲನ್ನೂ ನನ್ನ ಕೈಗೆ ಕೊಟ್ಟರು. ಕನ್ನಡಕವನ್ನು ಸರೋಜಮ್ಮನಿಗೆ, ಅಂದರೆ ಮೇಷ್ಟ್ರ ಹೆಂಡತಿಗೆ, ತಲುಪಿಸಿದೆ. ವಿಶಲ್ ನನ್ನ ಅಂಗಡಿಯ ಮೊಳೆಯಲ್ಲೇ ಉಳಿಯಿತು. ಮೇಷ್ಟ್ರು ತುಮಕೂರಿಗೆ ವಾಪಸಾಗಲಿಲ್ಲ. ಕುಣಿಗಲ್ಲಿನಲ್ಲಿ ಸರೋಜಮ್ಮನ ತಮ್ಮನ ಮನೆಯ ಮಹಡಿ ಹತ್ತಿದವರು ಇಳಿಯಲೇ ಇಲ್ಲ. ನಡೆಯಿರಿ ಎಂದು ಡಾಕ್ಟರು ಹೇಳಿ ತಿಂಗಳುಗಳಾಗಿದ್ದವು. ಫೋನ್ ಮಾಡಿದರೆ ಎತ್ತುತ್ತಿರಲಿಲ್ಲ. ಇತ್ತ ನಮ್ಮ ಗುಂಪಿನ ನಡಿಗೆ ದಿನದಿನಕ್ಕೆ ಗಿಡ್ಡವಾಗುತ್ತಾ ಏರಿಯ ಈಚೆಗಿರುವ ಟೀ ಅಂಗಡಿಗೆ ಬಂದು ನಿಂತಿತ್ತು. ಮೇಷ್ಟ್ರು ಹೀಗೇ ಕುರ್ಚಿಯಲ್ಲಿ ಕೂತು ಕೂತು ಮುಗಿದುಹೋಗುತ್ತಾರೆಂದು ನನಗೆ ಭಯವಾಯಿತು. ನನ್ನ ಬಗ್ಗೆಯೂ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ಹೇಗಾದರೂ ಮಾಡಿ ಅವರನ್ನು ನೆಲಕ್ಕಿಳಿಸಬೇಕೆಂದು ವಿಶಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಹೊರಟ ದಿನ ಮೋಡವಿತ್ತು, ಮಳೆ ಇರಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಒಂದೊಂದು ವಡೆ ತಿನ್ನಬೇಕೆಂದು ಹಿಂದಿನ ದಿನವೇ ಇಬ್ಬರೂ ಮಾತಾಡಿಕೊಂಡಿದ್ದೆವು. ಪ್ರಯಾಣದಲ್ಲಿ ಪಥ್ಯಕ್ಕೆ ರಜೆ ಎಂಬುದು ಮಾದೇವಣ್ಣನ ಕಾನೂನು. ಹೋಟೆಲಿನವನು ನಮ್ಮ ಬೀದಿಯವನೇ. ತಟ್ಟೆಯಲ್ಲಿ ಬರೀ ಇಡ್ಲಿ ತಂದಿಟ್ಟ.

"ಬೆಣ್ಣೆ ಇಲ್ಲ, ವಡೆ ಇಲ್ಲ ದಸ್ತಗೀರಣ್ಣ. ಶಮೀಮಕ್ಕ ಆಗ್ಲೇ ಫೋನ್ ಮಾಡಿದ್ರು" ಎಂದ. ಶಮೀಮ್ ನನ್ನ ಹೆಂಡತಿ.

"ನಂಗ್ ಬೇಡ ಬುಡು, ಇವ್ನಿಗಾದ್ರೂ ಕೊಡು" ಎಂದು ಮಾದೇವಣ್ಣನನ್ನು ತೋರಿಸಿದೆ. ಅರ್ಧ ಮುರಿದುಕೊಳ್ಳುವ ಆಸೆ ನನಗಿತ್ತು.

"ಅವ್ರ ಮನೆಯಿಂದ್ಲೂ ಬಂತು."

ಚಟ್ನಿಯನ್ನೂ ಅವನು ಚಮಚದ ತುದಿಯಲ್ಲಿ ಬಡಿಸಿದ. ನಾವು ಅದನ್ನೇ ತಿಂದು ಎದ್ದೆವು.

ರೋಗಿಯನ್ನು ನೋಡಲು ಹೋಗುವಾಗ ನಮ್ಮ ಕಡೆ ಎರಡು ಪದ್ಧತಿಗಳಿವೆ. ಬರಿಗೈಯಲ್ಲಿ ಹೋಗಬಾರದು. ಅದೇ ಕಾಯಿಲೆಯಿಂದ ಸತ್ತ ಒಬ್ಬರ ಕಥೆ ಹೇಳದೆ ಎದ್ದು ಬರಬಾರದು. ಮೊದಲನೆಯದಕ್ಕೆ ಬ್ರೆಡ್ಡು, ಮೂಸಂಬಿ ಕೊಂಡೆವು. ಎರಡನೆಯದನ್ನು ಈ ಸಲ ಮುರಿಯಬೇಕೆಂದು ನಾನು ಗುಬ್ಬಿ ಬಸ್ಸು ಹತ್ತುವ ಮುಂಚೆಯೇ ಮಾದೇವಣ್ಣನಿಂದ ಮಾತು ತೆಗೆದುಕೊಂಡೆ. ಸತ್ತವರ ಸುದ್ದಿ ಎತ್ತಕೂಡದು. ಅವನು ಎದೆ ಮುಟ್ಟಿಕೊಂಡು ಒಪ್ಪಿದ. ಕಟ್ಟಿದ ಕಡೆಗೇ ಕೈ ಇಟ್ಟಿದ್ದ.

ಗುಬ್ಬಿಗೆ ಇಪ್ಪತ್ತು ಕಿಲೋಮೀಟರ್ ಅಷ್ಟೇ. ಆದರೆ ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಟಿಕೆಟ್ಟಿಗೆ ದುಡ್ಡು ಕೊಟ್ಟ ಗಂಡಸರು ನಿಲ್ಲುವುದು ರೂಢಿಯಾಗಿದೆ. ಮಾದೇವಣ್ಣ ಕಂಬಿ ಹಿಡಿದು, ಯಾರಿಗೂ ಅಲ್ಲವೆಂಬಂತೆ ಎಲ್ಲರಿಗೂ ಕೇಳುವಂತೆ ತನ್ನ ಅರ್ಧ ಕಟ್ಟಿದ ನಾಳದ ವಿಷಯ ಎತ್ತಿದ. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸೊಬ್ಬರು ತಕ್ಷಣ ಎದ್ದು, ಪಕ್ಕದವರನ್ನೂ ಎಬ್ಬಿಸಿ ನಮ್ಮಿಬ್ಬರನ್ನೂ ಕೂರಿಸಿದರು. ಪುಣ್ಯಾತಗಿತ್ತಿ ಅಂದುಕೊಳ್ಳುವಷ್ಟರಲ್ಲಿ ನಮ್ಮ ಮೇಲೆ ಬಗ್ಗಿ ಶುರು ಮಾಡಿದರು.

"ನಮ್ ಭಾವನೂವೆ ಹಿಂಗೇ ಕಣಣ್ಣ. ಚೆನ್ನಾಗೇ ಇದ್ರು. ಮುದ್ದೆ ಉಂಡು ಕೈ ತೊಳ್ಯನ ಅಂತ ಎದ್ರು, ಅಷ್ಟೇಯ."

"ಎಷ್ಟು ಬ್ಲಾಕ್ ಇತ್ತಂತೆ ಅವ್ರಿಗೆ?" ಎಂದು ಮಾದೇವಣ್ಣ ಕಣ್ಣರಳಿಸಿ ಕೇಳಿದ. ನಾನು ಅವನ ತೊಡೆ ಚಿವುಟಿದೆ. ಗುಬ್ಬಿ ಬರುವವರೆಗೆ ಆ ಭಾವನ ತಿಥಿಯ ಊಟದವರೆಗೂ ಕೇಳಿದೆವು.

ಗುಬ್ಬಿಯಲ್ಲಿದ್ದವರು ಮೇಷ್ಟ್ರ ಅಕ್ಕ ಗೌರಮ್ಮ. ಮೇಷ್ಟ್ರು ಈ ಭೂಮಿಯ ಮೇಲೆ ಹೆದರುವುದು ಅವರೊಬ್ಬರಿಗೇ ಎಂದು ಸರೋಜಮ್ಮ ಹೇಳಿದ್ದರು. ಅವರನ್ನು ಮುಂದಿಟ್ಟುಕೊಂಡು ಕುಣಿಗಲ್ಲಿಗೆ ಹೋಗುವುದು ನನ್ನ ಉಪಾಯ. ಜೊತೆಗೆ, ಗುಬ್ಬಿಯ ಮನೆಯಲ್ಲಿ ಊಟಕ್ಕೆ ಒಬ್ಬಟ್ಟಾದರೂ ಇರುತ್ತದೆಂಬ ನಂಬಿಕೆ ಮಾದೇವಣ್ಣನದು.

ಎಲೆ ಹಾಕಿದ್ದರು. ಮುದ್ದೆ, ಹುರುಳಿಕಾಯಿ ಪಲ್ಯ, ಬೇಳೆಸಾರು. ಮೊದಲ ತುತ್ತಿಗೇ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಉಪ್ಪಾಕಿಲ್ಲ, ಕಾಯಾಕಿಲ್ಲ, ಒಗ್ಗರಣೆನೂ ಇಲ್ಲ" ಎಂದರು ಗೌರಮ್ಮ, ದೊಡ್ಡ ಉಪಕಾರ ಮಾಡಿದವರ ಹಾಗೆ. "ನಿಮ್ಮನೆ ಹೆಂಗಸ್ರು ಫೋನಲ್ಲಿ ಹೇಳಿದ್ರಲ್ಲಿ ಒಂದೂ ಬುಟ್ಟಿಲ್ಲ ಕಣಪ್ಪ. ಇನ್ನೊಂಚೂರು ಹಾಕಿಸ್ಕಳಿ."

ಅವರು ನಮ್ಮೆದುರೇ ಕೂತು ಬೇರೆ ಪಾತ್ರೆಯ ಸಾರು ಸುರಿದುಕೊಂಡು, ಉಪ್ಪಿನಕಾಯಿ ನೆಂಚಿಕೊಂಡು ಉಂಡರು. ಆ ವಾಸನೆಯಲ್ಲಿ ನಮ್ಮ ಮುದ್ದೆ ಇಳಿಯಿತು. ಊಟವಾದ ಮೇಲೆ ವಿಷಯ ಎತ್ತಿದೆ. ಮೊಣಕಾಲು ಬಗ್ಗುವುದಿಲ್ಲ, ಬಸ್ಸು ಹತ್ತಲಾರೆ ಎಂದರು. ಆಮೇಲೆ ಎಚ್ಚರಿಸಿದರು.

"ಅವ್ನಿಗೆ ಬುದ್ಧಿ ಹೇಳಕ್ಕೆ ಹೋಗ್ಬೇಡಿ. ಹುಟ್ಟಿದಾಗ್ಲಿಂದ ಅವ್ನು ಬೇರೆಯೋರ್ಗೆ ಬುದ್ಧಿ ಹೇಳೋನೇ ಹೊರ್ತು ಕೇಳೋನಲ್ಲ. ಅಂಗೈಯಗಲ ಇದ್ದಾಗ್ಲೇ ನಂಗೆ ಬಾವೀಲಿ ನೀರು ಸೇದೋದ್ ಹೇಳ್ಕೊಡಕ್ಕೆ ಬರೋನು."

ಇಬ್ಬರೂ ತಲೆಯಾಡಿಸಿದೆವು. ಬಸ್ ನಿಲ್ದಾಣ ತಲುಪುವ ಹೊತ್ತಿಗೆ ಮರೆತೆವು. ಮರೆಯಲು ಕಾರಣ ಎಳನೀರು. ಅವರದು ಕಡಬದ ಕಡೆ ತೋಟವಿದೆ. "ಬ್ರೆಡ್ ತಗಂಡ್ ಹೋಗ್ತಾರಾ ಯಾರಾದ್ರೂ?" ಎಂದು ಗದರಿ, ಒಂದು ಚೀಲದ ತುಂಬ ಎಳನೀರು ತುಂಬಿಸಿ, ಆಟೋ ಕರೆಸಿ ನಮ್ಮ ಜೊತೆ ಹಾಕಿದರು. ಭಾರ ಎತ್ತಬಾರದೆಂದು ಡಾಕ್ಟರು ಇಬ್ಬರಿಗೂ ಹೇಳಿದ್ದಾರೆ. ಮನೆಗೆ ಹಿರಿಯರಾದ ಅಕ್ಕ ತಮ್ಮನಿಗೆಂದು ಕೊಟ್ಟದ್ದನ್ನು ಬೇಡವೆನ್ನುವುದು ಯಾರಿಂದಾಗುತ್ತದೆ? ಉಪ್ಪಿನ ವಿಷಯಕ್ಕೆ ನಾವು ರೋಗಿಗಳು, ಚೀಲದ ವಿಷಯಕ್ಕೆ ಎತ್ತುಗಳು.

ಆಟೋದವನು ಚೀಲವನ್ನು ನಿಲ್ದಾಣದಲ್ಲಿ ಇಳಿಸಿ ಹೋದ. ನಾವು ಅದರ ಆಚೆಗೊಬ್ಬರು ಈಚೆಗೊಬ್ಬರು ಕೈಕಟ್ಟಿ ನಿಂತೆವು. ಸಿ.ಎಸ್. ಪುರದ ಬಸ್ಸು ಬಂತು. "ನಿಂದೊಂದ್ ಸ್ಟೆಂಟ್ ಅಷ್ಟೇ ತಾನೆ, ನೀನ್ ಎತ್ತು" ಎಂದ ಮಾದೇವಣ್ಣ. ನಾನು ಎತ್ತಲಿಲ್ಲ. ಕಾಲೇಜಿನ ಇಬ್ಬರು ಹುಡುಗಿಯರು ನಮ್ಮನ್ನೂ ಚೀಲವನ್ನೂ ನೋಡಿ, ನಗು ತಡೆಯುತ್ತಾ ಆಚೆ ಈಚೆ ಹಿಡಿದು ಬಸ್ಸಿನೊಳಗೆ ದೂಡಿದರು.

ಸಿ.ಎಸ್. ಪುರದಲ್ಲಿ ಕುಣಿಗಲ್ ಕಡೆಯ ಬಸ್ಸಿಗೆ ಬದಲಾಯಿಸಬೇಕಾಗಿತ್ತು. ಹುರುಳಿ ಮೂಟೆ ಇಳಿಸುತ್ತಿದ್ದ ಗಟ್ಟಿ ಆಸಾಮಿಯೊಬ್ಬ ಕೇಳುವ ಮುಂಚೆಯೇ ನಮ್ಮ ಚೀಲವನ್ನೂ ಹೆಗಲಿಗೆ ಹಾಕಿಕೊಂಡು ಬಂದ. ಎತ್ತಲಾರದ್ದಕ್ಕೆ ಕಾರಣ ಕೇಳಿ, "ನಮ್ ದೊಡ್ಡಪ್ಪಂಗೂ ಅಂಗೇ ಆಗಿತ್ತು" ಎಂದ. ನಾನು ಬೇರೆ ಕಡೆ ನೋಡಿದೆ.

"ಆಮೇಲೆ?" ಎಂದ ಮಾದೇವಣ್ಣ.

"ಆಮೇಲೇನು, ಎತ್ತು ಮಾರಕ್ಕೆ ಸಂತೆಗೆ ಹೋಗವ್ರೆ. ಹಳೇ ಎತ್ತು ಸರಿಯಾಗಿ ನಡ್ಯಲ್ಲ ಅಂತ."

ಬೆಳಿಗ್ಗೆಯಿಂದ ಸಿಕ್ಕ ಮೊದಲನೆಯ ಬದುಕಿದ ಮನುಷ್ಯ. ನಮಗೆ ಎಷ್ಟು ಸಂತೋಷವಾಯಿತೆಂದರೆ ದೊಡ್ಡಪ್ಪನ ಹೆಸರು, ಊರು, ಆಪರೇಷನ್ ಆದ ಕಾಲ ಎಲ್ಲ ಕೇಳಿಕೊಂಡೆವು. ಈ ಕಥೆಯನ್ನು ಮೇಷ್ಟ್ರಿಗೆ ಹೇಳುವ ಜವಾಬ್ದಾರಿ ತನ್ನದೆಂದು ಮಾದೇವಣ್ಣ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡ.

ಕುಣಿಗಲ್ ಮುಟ್ಟಿದಾಗ ಹೊತ್ತು ಇಳಿದಿತ್ತು. ನಿಲ್ದಾಣದಿಂದ ಮನೆಗೆ ಮತ್ತೊಂದು ಆಟೋ. ಅವನೂ ಚೀಲವನ್ನು ಗೇಟಿನೊಳಗೆ ಮೆಟ್ಟಿಲ ಬುಡದಲ್ಲಿಟ್ಟು ಹೊರಟುಹೋದ. ಕೆಳಗೆ ಸರೋಜಮ್ಮನ ತಮ್ಮನ ಮನೆಗೆ ಬೀಗ ಹಾಕಿತ್ತು, ಎಲ್ಲರೂ ಕೆಲಸಕ್ಕೆ ಹೋಗಿದ್ದರು. ಗೇಟಿನ ಪಕ್ಕದಲ್ಲೇ ಬಜ್ಜಿಯ ತಳ್ಳುಗಾಡಿ. ಎಣ್ಣೆ ಆಗಲೇ ಕಾಯುತ್ತಿತ್ತು. ನಾವು ಚೀಲವನ್ನು ಅಲ್ಲೇ ಬಿಟ್ಟು, ಮೂಗು ಮುಚ್ಚಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಹೋದೆವು.

ಮೇಷ್ಟ್ರು ಬಾಲ್ಕನಿಗೆ ಹೊಂದಿದ ಕೋಣೆಯಲ್ಲಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಕಂಬದಂತಿದ್ದ ಮನುಷ್ಯ ಇಳಿದುಹೋಗಿದ್ದರು. ಗೋಡೆಯ ಗೂಡಿನಲ್ಲಿ ಬ್ರೆಡ್ಡಿನ ಪೌಂಡುಗಳು ಇಟ್ಟಿಗೆಯ ಹಾಗೆ ಪೇರಿಸಿದ್ದವು. ನಮ್ಮದನ್ನೂ ಅದರ ಮೇಲಿಟ್ಟೆವು.

"ಬ್ರೆಡ್ಡು ಬಂದಷ್ಟೂ ಸಾವೂ ಬಂದ್ವು ಅಣ್ಣ" ಎಂದರು ಸರೋಜಮ್ಮ ಮೆಲ್ಲಗೆ. "ಬಂದೋರೆಲ್ಲ ಒಂದ್ ಪೌಂಡ್ ಬ್ರೆಡ್ ಇಡೋರು, ಒಬ್ರು ಸತ್ತಿದ್ ಹೇಳಿ ಎದ್ದೋಗೋರು. ಇವ್ರು ಎಲ್ಲಾನೂ ಮನ್ಸಿಗೆ ಹಾಕ್ಕೊಂಡು ಹಿಂಗ್ ಕೂತವ್ರೆ."

ಮೇಷ್ಟ್ರು ನನ್ನ ಕಡೆ ತಿರುಗಿದರು. "ದಸ್ತಗೀರ್, ನಿಮಗೆಲ್ಲ ಎದೆ ಉಬ್ಬಿಸಿ ಹೇಳ್ದೋನು ನಾನು. ನನ್ನೆದೆನೇ ಕೈಕೊಡ್ತು. ಯಾವ ಮುಖ ಇಟ್ಕೊಂಡು ಏರಿ ಮೇಲೆ ಬರ್ಲಿ? ಇಲ್ಲಿ ತಂತಿ ಹಾಕಿ ಹೊಲ್ದವ್ರೆ. ಮೆಟ್ಲು ಇಳಿವಾಗ ಬಿಚ್ಕೊಂಡ್ರೆ?"

ನಾನು ಹೊಲಿಗೆ ಬಲ್ಲವನು. ಸರಿಯಾಗಿ ಹೊಲಿದ ಹಾಸಿಗೆ ಮಕ್ಕಳು ಕುಣಿದರೂ ಬಿಚ್ಚುವುದಿಲ್ಲ ಎಂದೆ. ತಮ್ಮ ಎದೆಯನ್ನು ಹಾಸಿಗೆಗೆ ಹೋಲಿಸಿದ್ದು ಮೇಷ್ಟ್ರಿಗೆ ಹಿಡಿಸಲಿಲ್ಲ. ಆಮೇಲೆ ಡಾಕ್ಟರು ಹೇಳಿದ್ದು, ಪೇಪರಿನಲ್ಲಿ ಓದಿದ್ದು, ಮನೋಬಲ, ಧೈರ್ಯ ಎಂದು ನಾನು ಬುದ್ಧಿ ಹೇಳುತ್ತಲೇ ಹೋದೆ. ಮೇಷ್ಟ್ರು ಕಿಟಕಿಯ ಕಡೆ ನೋಡುತ್ತಲೇ ಇದ್ದರು. ಕೊನೆಗೆ ಮಾದೇವಣ್ಣನಿಗೆ ಕಣ್ಸನ್ನೆ ಮಾಡಿದೆ.

ಅವನು ಚೆನ್ನಾಗಿಯೇ ಶುರು ಮಾಡಿದ. ಸಿ.ಎಸ್. ಪುರದ ದೊಡ್ಡಪ್ಪ, ಆಪರೇಷನ್, ಎತ್ತು, ಸಂತೆ. ಮೇಷ್ಟ್ರು ಕತ್ತು ತಿರುಗಿಸಿ ಕೇಳತೊಡಗಿದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಹುಟ್ಟುಗುಣ ಎಲ್ಲಿ ಬಿಡುತ್ತದೆ? "ಸಂತೆಯಿಂದ ಬಂದ್ರು, ಮುದ್ದೆ ಉಂಡ್ರು, ಕೈ ತೊಳ್ಯನ ಅಂತ ಎದ್ರು ಮೇಷ್ಟ್ರೇ," ಎಂದವನು ನನ್ನ ಮುಖ ನೋಡಿ ಬಾಯಿ ಮುಚ್ಚಿದ.

"ಎದ್ದು?" ಎಂದರು ಮೇಷ್ಟ್ರು.

"ಕೈ ತೊಳ್ಕೊಂಡ್ರು" ಎಂದೆ ನಾನು. ಮೇಷ್ಟ್ರು ನಂಬಲಿಲ್ಲ. ಶಾಲು ಬಿಗಿಯಾಗಿ ಸುತ್ತಿಕೊಂಡರು.

ಉಳಿದದ್ದು ವಿಶಲ್ ಒಂದೇ. ಜೇಬಿನಿಂದ ತೆಗೆದು ಅವರ ಕೈಯಲ್ಲಿಡಲು ಹೋದೆ. ಅದನ್ನು ಸ್ವಲ್ಪ ಹೊತ್ತು ನೋಡಿ, "ನೀವೇ ಇಟ್ಕೊಳಿ" ಎಂದು ಮುಖ ತಿರುಗಿಸಿದರು. ಅವರ ಕಣ್ಣಲ್ಲಿ ನೀರಿತ್ತು, ನನ್ನ ಕಣ್ಣಲ್ಲೂ. ಬಂದ ಕೆಲಸ ಕೆಟ್ಟಿತೆಂದುಕೊಂಡು ಇಬ್ಬರೂ ಮೆಟ್ಟಿಲಿಳಿದೆವು.

ಕೆಳಗೆ ಮಾದೇವಣ್ಣ ಎಳನೀರಿನ ಚೀಲದ ಮೇಲೆ ದೊಪ್ಪನೆ ಕೂತ. ಬೆಳಿಗ್ಗೆ ಬೆಣ್ಣೆಯಿಲ್ಲದ ಇಡ್ಲಿ, ಮಧ್ಯಾಹ್ನ ಉಪ್ಪಿಲ್ಲದ ಮುದ್ದೆ, ಈಗ ಈ ದುಃಖ. "ಎರಡು ಪ್ಲೇಟ್ ಮೆಣಸಿನಕಾಯಿ ಬಜ್ಜಿ ಕೊಡವ್ವ" ಎಂದ. ಬೇಡವೆನ್ನುವ ಶಕ್ತಿ ನನ್ನಲ್ಲಿರಲಿಲ್ಲ. ಅಂಗಡಿಯ ಹೆಂಗಸು ಬಿಸಿಬಿಸಿಯಾಗಿ ಕಾಗದದಲ್ಲಿ ಹಾಕಿಕೊಟ್ಟರು. ಊದಿ ಬಾಯಿಗಿಡುವಷ್ಟರಲ್ಲಿ ಮೇಲಿನಿಂದ ಬಂತು ಧ್ವನಿ.

"ಲೇ ಮಾದೇವ."

ಮೇಷ್ಟ್ರು ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು.

"ಏನ್ಲಾ ಅದು ಕೈಲಿ?"

"ಬಜ್ಜಿ, ಮೇಷ್ಟ್ರೇ."

"ದಸ್ತಗೀರ್, ನಿಮ್ ಕೈಲಿ?"

"ಅದೇ" ಎಂದೆ.

"ಇದನ್ನ ತಿನ್ನಕ್ಕಾ ನಾನ್ ನಿಮ್ಮನ್ನ ಬದುಕ್ಸಿದ್ದು? ದಿನಾ ಏರಿ ಪೂರ್ತಿ ಸುತ್ತು ಹಾಕ್ತಿದೀರಾ, ಇಲ್ವಾ?"

ಮೇಷ್ಟ್ರು ಗದರಿದರೆ ಮಾದೇವಣ್ಣನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಟೀ ಅಂಗ್ಡಿ ಗಂಟ ಹೋಗ್ತೀವಿ" ಎಂದ.

ಬಾಲ್ಕನಿ ಖಾಲಿಯಾಯಿತು. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಬಂತು. ಮೇಷ್ಟ್ರು ಒಂದು ಕೈಯಲ್ಲಿ ಗೋಡೆ ಹಿಡಿದು, ಇನ್ನೊಂದನ್ನು ನಮ್ಮ ಕಡೆ ಆಡಿಸುತ್ತಾ, ಬೈಯುತ್ತಾ ಇಳಿದು ಬಂದರು. ನಾಚಿಕೆಗೆಟ್ಟವರು ಎಂದರು. ಡಾಲ್ಡಾ ಡಬ್ಬಗಳು ಎಂದರು. ಶಾಲು ಅರ್ಧದಲ್ಲೇ ಜಾರಿ ಬಿತ್ತು. ಹಿಂದೆ ಸರೋಜಮ್ಮ ಸೆರಗು ಬಾಯಿಗಿಟ್ಟುಕೊಂಡು ಉಸಿರು ಬಿಗಿಹಿಡಿದು ಬರುತ್ತಿದ್ದರು. ಮೇಷ್ಟ್ರು ಎರಡೂ ಪೊಟ್ಟಣ ಕಿತ್ತುಕೊಂಡು ತಳ್ಳುಗಾಡಿಯ ಮೇಲೆ ಇಟ್ಟರು.

"ವಾಪಸ್ ತಗಳಲ್ಲ ಸಾಮಿ" ಎಂದರು ಅಂಗಡಿಯ ಹೆಂಗಸು.

ಅವರಿಗೂ ಬೈಯಲು ಬಾಯಿ ತೆಗೆದ ಮೇಷ್ಟ್ರು ಹಾಗೇ ನಿಂತರು. ಕಾಲ ಕೆಳಗಿನ ಮಣ್ಣು ನೋಡಿದರು. ತಿರುಗಿ ಮೆಟ್ಟಿಲು ನೋಡಿದರು. ಹಿಡಿದುಕೊಳ್ಳಲು ಗೋಡೆ ಹುಡುಕಿದರು. ನಾನು ರಟ್ಟೆ ಹಿಡಿದುಕೊಂಡೆ.

"ಹೊಲಿಗೆ ನೋಡ್ಕೊಳಿ ಮೇಷ್ಟ್ರೇ" ಎಂದೆ.

ಅಂಗಿಯೊಳಗೆ ಕೈ ಹಾಕಿ, ಮೇಲಿಂದ ಕೆಳಗೆ ನಿಧಾನವಾಗಿ ಸವರಿಕೊಂಡರು. "ಐತೆ" ಎಂದರು. ಸರೋಜಮ್ಮ ಅಳುತ್ತಾ ನಕ್ಕರು.

ಆಮೇಲೆ ಎಳನೀರಿನ ಪ್ರಶ್ನೆ ಬಂತು. ಅಕ್ಕ ಕಳಿಸಿದ್ದೆಂದು ಕೇಳಿ ಮೇಷ್ಟ್ರು ಗಾಬರಿಯಾದರು, ಕುಡಿಯದಿದ್ದರೆ ಅವರಿಗೆ ಗೊತ್ತಾಗಿಬಿಡುತ್ತದೆ. ಮೂವರು ಹೃದ್ರೋಗಿಗಳು ಚೀಲದ ಸುತ್ತ ನಿಂತು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅಂಗಡಿಯ ಹೆಂಗಸೇ ಬಂದು ಚೀಲ ಬಿಚ್ಚಿ, ಮಚ್ಚು ತಂದು ಅಲ್ಲೇ ಕೊಚ್ಚಿಕೊಟ್ಟರು. ಬಜ್ಜಿಗೆ ಬಂದವರಿಗೂ ಒಂದೊಂದು ಸಿಕ್ಕಿತು. ಕೊಚ್ಚುತ್ತಲೇ ಅವರು, "ನಮ್ ಯಜಮಾನ್ರಿಗೂ ಎದೆನೋವು ಬಂದು," ಎಂದು ಶುರು ಮಾಡಿದರು.

"ಬೇಡ ತಾಯಿ" ಎಂದೆವು ಮೂವರೂ ಒಟ್ಟಿಗೆ.

"ಯಾಕೆ? ಇಲ್ಲೇ ಅವ್ರಲ್ಲ" ಎಂದು ಗಾಡಿಯ ಹಿಂದೆ ತೋರಿಸಿದರು. ಕುಕ್ಕರುಗಾಲಲ್ಲಿ ಕೂತು ಈರುಳ್ಳಿ ಹೆಚ್ಚುತ್ತಿದ್ದ ಯಜಮಾನರು ಕಣ್ಣೊರೆಸಿಕೊಂಡು ನಮಗೆ ಕೈಮುಗಿದರು. ಮೇಷ್ಟ್ರು ಅವರನ್ನು ಬಹಳ ಹೊತ್ತು ನೋಡಿದರು. ಬೆಳಿಗ್ಗೆ ಎಷ್ಟು ನಡೆಯುತ್ತೀರಿ ಎಂದು ಕೇಳಿದರು. ನಡೆಯುವುದಿಲ್ಲ ಎಂದದ್ದಕ್ಕೆ ಅವರಿಗೂ ಬಿತ್ತು ಬೈಗುಳ.

ಅಷ್ಟರಲ್ಲಿ ನನ್ನ ಫೋನು ಬಡಿದುಕೊಂಡಿತು. "ಬಜ್ಜಿ ತಗೊಂಡ್ರಂತೆ?" ಎಂದಳು ಶಮೀಮ್. ಸರೋಜಮ್ಮ ಆಕಾಶ ನೋಡುತ್ತಿದ್ದರು.

ತುಮಕೂರಿನ ಬಸ್ಸು ಆ ಬೀದಿಯ ತುದಿಯಲ್ಲೇ ನಿಲ್ಲುತ್ತದೆ. ಮೇಷ್ಟ್ರು ನಮ್ಮ ಜೊತೆ ಅಲ್ಲಿಯವರೆಗೆ ನಡೆದು ಬಂದರು. ನಿಧಾನವಾಗಿ ಬಂದರು, ನಾವು ಇನ್ನೂ ನಿಧಾನವಾಗಿ ನಡೆದೆವು. ಇವತ್ತೇ ಬರುವುದಿಲ್ಲ, ಮೊದಲು ಇಲ್ಲಿಯ ಕೆರೆ ಏರಿಯ ಮೇಲೆ ಕಾಲು ಪಳಗಿಸಿಕೊಳ್ಳುತ್ತೇನೆ, ದಸರಾ ಹೊತ್ತಿಗೆ ತುಮಕೂರು ಎಂದರು. ಬಸ್ಸು ಬಂದಾಗ ನನ್ನ ಕಡೆ ಕೈ ಚಾಚಿದರು.

"ಎಲ್ಲಿ ಅದು?"

ವಿಶಲ್ ಕೊಟ್ಟೆ. ಕತ್ತಿಗೆ ಹಾಕಿಕೊಂಡರು.

ಸೀಟು ಸಿಕ್ಕಿತು. ಕಂಡಕ್ಟರು ಎರಡು ಸಲ ವಿಶಲ್ ಹಾಕಿ ರೈಟ್ ಎಂದರು. ಬಸ್ಸು ನಾಲ್ಕು ಮಾರು ಹೋಗಿತ್ತೋ ಇಲ್ಲವೋ, ಹಿಂದಿನಿಂದ ಒಂದೇ ಒಂದು ಉದ್ದನೆಯ ವಿಶಲ್. ಡ್ರೈವರು ಗಕ್ಕನೆ ನಿಲ್ಲಿಸಿದರು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಕಂಡಕ್ಟರು ತಮ್ಮ ಕೈಯಲ್ಲಿದ್ದ ವಿಶಲ್ಲನ್ನೇ ಅನುಮಾನದಿಂದ ನೋಡಿ, ಬಾಗಿಲಿನಿಂದ ತಲೆ ಹಾಕಿದರು.

"ಹತ್ತೋದಾದ್ರೆ ಬನ್ನಿ ಯಜಮಾನ್ರೇ."

"ನಾನ್ ಹತ್ತಲ್ಲ" ಎಂದರು ಮೇಷ್ಟ್ರು ರಸ್ತೆಯಿಂದ. "ಒಳಗಿರೋ ಆ ಇಬ್ರಿಗೆ ಹೇಳಿ. ನಾಳೆಯಿಂದ ಏರಿ ಪೂರ್ತಿ ಸುತ್ತು. ಟೀ ಅಂಗ್ಡಿ ಗಂಟ ಅಲ್ಲ. ಕೈ ಬೀಸ್ಕೊಂಡು."

ಇಡೀ ಬಸ್ಸು ನಮ್ಮ ಕಡೆ ತಿರುಗಿತು. ನಾವು ತಲೆಯಾಡಿಸಿದೆವು. ಮೇಷ್ಟ್ರು ಎರಡು ಸಲ ಊದಿದರು. ಡ್ರೈವರು ಕಂಡಕ್ಟರಿಗೆ ಕಾಯದೆ ಗೇರು ಹಾಕಿದರು.

ಹಿಂದಿನ ಗಾಜಿನಲ್ಲಿ ನೋಡಿದೆ. ಮೇಷ್ಟ್ರು ತಿರುಗಿ ನಡೆಯುತ್ತಿದ್ದರು, ಸರೋಜಮ್ಮ ಶಾಲು ಹಿಡಿದುಕೊಂಡು ಹಿಂದೆ. ಮನೆಯ ಗೇಟು ಬಂತು. ಸರೋಜಮ್ಮ ನಿಂತರು. ಮೇಷ್ಟ್ರು ಕೈ ಬೀಸಿಕೊಂಡು ಮುಂದೆ ಹೋದರು.